ಕಣ್ಣು ಕೇಳುವ ಹೊತ್ತು

ಸಾಹಿತ್ಯ ಸಮ್ಮಿಲನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ, ನೀಲಗಿರಿಯ ಕನ್ನಡದ ಬಗೆಗೋ ಬಡಗರ ನುಡಿಯ ಬಗೆಗೋ ನಾವು ಏನನ್ನಾದರೂ ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಬರೆಯಹೊರಟಿರುವುದು ಕಣ್ಣಿನ ವಿಚಾರ, ಅದರಲ್ಲಿಯೂ ಸತ್ತವರ ಕಣ್ಣಿನ ವಿಚಾರ. ಜೊತೆಗೆ ಅದನ್ನು ಕೇಳಲು ಬರುವ ಎಳೆಯ ವೈದ್ಯನ ವಿಚಾರ. ಹಬ್ಬದ ಹೊತ್ತಿನಲ್ಲಿ ಇದು ಸಲ್ಲದ ಮಾತೆಂದು ತೋರಿದರೆ ಓದುಗರು ಮನ್ನಿಸಬೇಕು. ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಓದುವ ಪುಸ್ತಕ ವರ್ಷಕ್ಕೆ ಇದೊಂದೇ ಆದುದರಿಂದ, ಮನೆಯಲ್ಲಿ ಆಡಬೇಕಾಗಿದ್ದ ಮಾತನ್ನು ಇಲ್ಲಿ ಆಡುವುದೇ ಸರಿಯೆಂದು ನಮಗೆ ಅನ್ನಿಸಿತು.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆ, ಎಂದರೆ ತಂದೆಯವರ ಹಿರಿಯಕ್ಕ, ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡರು. ರಾತ್ರಿ ಎರಡು ಗಂಟೆ ದಾಟಿತ್ತು. ಮೊಗಸಾಲೆಯಲ್ಲಿ ನಾವು ಐದಾರು ಮಂದಿ ನಿಂತಿದ್ದೆವು. ಅತ್ತೆಯ ಮಗ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದ. ಆಗ ಇಪ್ಪತ್ತೈದರ ಆಸುಪಾಸಿನ ಕಿರಿಯ ವೈದ್ಯನೊಬ್ಬ ಕೈಯಲ್ಲಿ ಕಾಗದ ಹಿಡಿದು ಬಂದ. ನಮ್ಮ ಮುಖವನ್ನು ನೋಡದೆ, ಕಾಗದವನ್ನೇ ನೋಡುತ್ತ, "ಇವರ ಕಣ್ಣು ಕೊಡುವಿರಾ? ಆರು ಗಂಟೆಯೊಳಗೆ ಆಗಬೇಕು, ಈಗಲೇ ಹೇಳಿಬಿಡಿ" ಎಂದ. ಅತ್ತೆಯ ಮಗ ತಿರುಗಿ ನಿಂತು ಗದರಿದ. ನಾವೆಲ್ಲರೂ ಆಗದೆಂದೆವು. ಆ ಹುಡುಗ ಮರುಮಾತಾಡದೆ ಕಾಗದದ ಮೇಲೆ ಏನನ್ನೋ ಗುರುತು ಹಾಕಿಕೊಂಡು ಹೊರಟುಹೋದ. ಅವನ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತೆಂಬುದು ನಮ್ಮ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಘಟ್ಟ ಹತ್ತುವ ದಾರಿಯುದ್ದಕ್ಕೂ ಸತ್ತವರ ಸ್ಮರಣೆಗಿಂತ ಅವನ ನಿಂದೆಯೇ ಹೆಚ್ಚಾಗಿತ್ತು.

ಹದಿನೈದು ದಿನಗಳ ಮೇಲೆ, ಅತ್ತೆಯೊಡನೆ ಬಹುಕಾಲ ಚಹಾ ಚಿಗುರು ಬಿಡಿಸಿದ ನೆರೆಮನೆಯ ಹೆಂಗಸು ಬಂದು ಮಾತಿನ ನಡುವೆ ಒಂದು ಸಂಗತಿ ಹೇಳಿದರು. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದೂರದರ್ಶನದಲ್ಲಿ ಅವರ ಕಣ್ಣುಗಳ ಸುದ್ದಿ ಬಂದಿತ್ತಷ್ಟೆ. ಅದನ್ನು ನೋಡುತ್ತ ಅತ್ತೆ, ನನ್ನವೂ ಯಾರಿಗಾದರೂ ಆಗಲಿ, ಮಣ್ಣಿಗೆ ಹಾಕಿ ಏನು ಫಲ ಎಂದಿದ್ದರಂತೆ. ಆ ಮಾತು ನಮಗಾರಿಗೂ ತಿಳಿದಿರಲಿಲ್ಲ. ಅವರು ಮನೆಯಲ್ಲಿ ಹೇಳಲಿಲ್ಲವೋ, ಹೇಳಿದರೂ ನಾವು ಕೇಳಿಸಿಕೊಳ್ಳಲಿಲ್ಲವೋ, ಇಂದಿಗೂ ನಮಗೆ ಸಂದೇಹ.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ದುಃಖದ ಮೊದಲ ಗಳಿಗೆಯಲ್ಲಿ ಕಣ್ಣು ಕೊಡಿರೆಂದು ಕೇಳುವುದು ನ್ಯಾಯವೆ? ನ್ಯಾಯವಾದರೆ, ಹಾಗೆ ಕೇಳುವವನಲ್ಲಿ ಏನಿರಬೇಕು? ಅದು ಅವನಲ್ಲಿ ಇಲ್ಲದೆ ಹೋದರೆ ಹೊಣೆ ಯಾರದು?

ಮೊದಲು ಈ ಅವಸರವೇಕೆ ಎಂಬುದನ್ನು ನೋಡೋಣ. ಕಣ್ಣಿನ ದಾನವೆಂದು ನಾವು ಹೇಳುವುದಾದರೂ ಇನ್ನೊಬ್ಬರಿಗೆ ಕೂಡಿಸುವುದು ಇಡೀ ಕಣ್ಣನ್ನಲ್ಲ, ಅದರ ಮುಂದಿನ ಪಾರದರ್ಶಕ ಪಟಲವನ್ನು ಮಾತ್ರ. ವೈದ್ಯರು ಅದನ್ನು ಕಾರ್ನಿಯಾ ಎನ್ನುತ್ತಾರೆ. ಕೈಗಡಿಯಾರದ ಗಾಜಿನಂತೆ ಕಣ್ಣಿನ ಮೇಲೆ ಕುಳಿತಿರುವ ಅದರ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದರೆ ಬೆಳಕು ನೆಟ್ಟಗೆ ಹಾಯಲಾರದು. ಉಸಿರಾಡುವ ಗಾಳಿಯನ್ನು ಅದು ಕಣ್ಣೀರಿನ ಮೂಲಕ ನೇರವಾಗಿ ಹೊರಗಿನಿಂದಲೇ ಪಡೆಯುತ್ತದೆ. ರಕ್ತವಿಲ್ಲದಿದ್ದರೂ ನರತಂತುಗಳು ಅಲ್ಲಿ ದಟ್ಟವಾಗಿವೆ. ಒಂದು ಧೂಳಿನ ಕಣ ಬಿದ್ದರೆ ದೇಹವೆಲ್ಲ ತತ್ತರಿಸುವುದು ಆ ಕಾರಣದಿಂದ. ರಕ್ತದ ಹರಿವು ಇಲ್ಲವಾದುದರಿಂದಲೇ ಪರರ ಪಟಲವನ್ನು ದೇಹ ಅಷ್ಟಾಗಿ ಪ್ರತಿಭಟಿಸುವುದಿಲ್ಲ. ಸಾಮಾನ್ಯವಾಗಿ ರಕ್ತದ ಗುಂಪು ಹೊಂದಬೇಕೆಂಬ ನಿಯಮವಿಲ್ಲ. ಕನ್ನಡಕ ಹಾಕಿದವರು, ಸಕ್ಕರೆ ಕಾಯಿಲೆಯವರು, ಪೊರೆ ತೆಗೆಸಿಕೊಂಡವರು ಕೂಡ ಕೊಡಬಹುದು. ಹುಚ್ಚುನಾಯಿ ರೋಗ, ಎಚ್‌ಐವಿ, ಕಾಮಾಲೆಯ ಕೆಲವು ಬಗೆ ಮುಂತಾದ ಸೋಂಕುಗಳಿಂದ ತೀರಿಕೊಂಡವರ ಕಣ್ಣನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ.

ಪಟಲದ ಒಳಮೈಗೆ ಅಂಟಿಕೊಂಡಿರುವ ಒಂದು ತೆಳುವಾದ ಕೋಶಸಾಲಿದೆ. ಪಟಲದೊಳಗೆ ಸೇರುವ ನೀರನ್ನು ಹಗಲಿರುಳೂ ಹೊರಹಾಕುತ್ತ ಅದನ್ನು ತಿಳಿಯಾಗಿ ಇಡುವುದು ಈ ಕೋಶಗಳ ಕೆಲಸ. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಹೃದಯ ನಿಂತ ಮೇಲೆಯೂ ಅವು ಕೆಲವು ಗಂಟೆಗಳ ಕಾಲ ಬದುಕಿರುತ್ತವೆ, ಆಮೇಲೆ ಒಂದೊಂದಾಗಿ ಅಳಿಯುತ್ತವೆ. ಆರು ಗಂಟೆಯ ಗಡುವು ಹುಟ್ಟಿದ್ದು ಇಲ್ಲಿಂದ. ಆದುದರಿಂದ ಆ ಹುಡುಗನ ಬಾಯಲ್ಲಿ ಬಂದ ಅವಸರ ಅವನದಲ್ಲ, ಪ್ರಕೃತಿಯದು. ಕೋಶಕ್ಕೆ ಅವಸರ, ದುಃಖಪಡುವ ಮನಸ್ಸಿಗೋ ನಿಧಾನವೇ ಸ್ವಭಾವ. ಈ ಎರಡರ ನಡುವೆ ಒಬ್ಬ ಮನುಷ್ಯ ನಿಂತು ಮಾತಾಡಬೇಕಾಗಿದೆ.

ಕಾರ್ನಿಯಾದ ಮೇಲೆ ಬಿಳಿಯ ಕಲೆಯಾದುದನ್ನು ನಮ್ಮ ಹಿರಿಯರು ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಿದ್ದರು. ಇಷ್ಟು ಚೆಲುವಾದ ಹೆಸರನ್ನು ಇಷ್ಟು ಕ್ರೂರವಾದ ಸಂಗತಿಗೆ ಇಟ್ಟವರ ಮನಸ್ಸು ಎಂಥದಿರಬಹುದೆಂದು ನಾವು ಸೋಜಿಗಪಟ್ಟದ್ದುಂಟು. ಈ ಕುರುಡನ್ನು ಕುರಿತ ಸಂಶೋಧನೆಯ ಒಂದು ಮುಖ್ಯ ಅಧ್ಯಾಯ ನಮ್ಮ ಈ ಜಿಲ್ಲೆಯಲ್ಲಿಯೇ ನಡೆಯಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದರು. ಅದೇ ಬೆಳೆದು ಪೌಷ್ಟಿಕಾಂಶ ಸಂಶೋಧನಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೆಂದು ಹೆಸರಾಗಿದೆ. ಎ ಅನ್ನಾಂಗದ ಕೊರತೆಯಿಂದ ಎಳೆಯ ಮಕ್ಕಳಿಗೆ ಮೊದಲು ಇರುಳುಗುರುಡು ಬರುತ್ತದೆ, ಬಳಿಕ ಕಣ್ಣು ಒಣಗುತ್ತದೆ, ಕಡೆಗೆ ಕಾರ್ನಿಯಾ ಮೆತ್ತಗಾಗಿ ಕರಗಿಹೋಗುತ್ತದೆ. ಈ ಕಡೆಯ ಅವಸ್ಥೆಗೆ ಕೆಂಪು ತಾಳೆಯೆಣ್ಣೆಯಿಂದ ಚಿಕಿತ್ಸೆ ಮಾಡಿದುದನ್ನು ಕುರಿತು ಕೂನೂರಿನ ನಿರ್ದೇಶಕರಾಗಿದ್ದ ಐಕ್ರಾಯ್ಡ್ ಅವರೂ ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ರೈಟ್ ಅವರೂ 1937ರಲ್ಲಿ ಪ್ರಬಂಧ ಪ್ರಕಟಿಸಿದರು. ಕಣ್ಣು ಕಳೆದುಕೊಳ್ಳಲಿದ್ದ ಮಗುವಿಗೆ ಬೇಕಾಗಿದ್ದದ್ದು ಶಸ್ತ್ರಚಿಕಿತ್ಸೆಯಲ್ಲ, ಊಟ. ನಮ್ಮ ಬೆಟ್ಟಗಳಲ್ಲಿ ಬೆಳೆದ ಕ್ಯಾರೆಟ್ ಇಂದಿಗೂ ಲಾರಿ ತುಂಬಿ ಮೇಟ್ಟುಪಾಳಯದ ಮಂಡಿಗೆ ಇಳಿಯುತ್ತದೆ. ಬೆಳೆದವರ ಮನೆಯ ಮಕ್ಕಳ ತಟ್ಟೆಗೆ ಎಷ್ಟು ಬೀಳುತ್ತದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎ ಅನ್ನಾಂಗದ ದ್ರಾವಣವನ್ನು ಮಕ್ಕಳಿಗೆ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾದ ಮೇಲೆ ಆ ಬಗೆಯ ಕುರುಡು ಬಹುಮಟ್ಟಿಗೆ ತಗ್ಗಿತು.

ಇನ್ನುಳಿದದ್ದು ಗಾಯ ಮತ್ತು ಸೋಂಕು. ಗಿಡದ ಕಡ್ಡಿ ತಗುಲಿ ಕಣ್ಣು ಗೀಚಿಕೊಳ್ಳುವುದು ತೋಟದ ಕೆಲಸದವರಿಗೆ ಹೊಸತಲ್ಲ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರು ಇಂಥ ಗೀಚಿಗೆ ತಡಮಾಡದೆ ಸಾಧಾರಣ ಮುಲಾಮನ್ನು ಮೂರು ದಿನ ಹಾಕಿದಾಗ ಹುಣ್ಣಾಗುವುದೇ ಬಹುಪಾಲು ನಿಂತಿತೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲಿ ಇನ್ನೂ ಸೊಪ್ಪಿನ ರಸ ಹಿಂಡುವವರಿದ್ದಾರೆ. ಅದು ಬೇರೆ ಮಾತು.

ಪಟಲವನ್ನು ಬದಲಿಸುವ ವಿದ್ಯೆಯ ಕಥೆಯೂ ಒಂದು ದುಃಖದಿಂದಲೇ ಮೊದಲಾಗುತ್ತದೆ. 1905ರ ಡಿಸೆಂಬರ್ 7ರಂದು, ಇಂದು ಜೆಕ್ ದೇಶದಲ್ಲಿರುವ ಓಲೊಮೊಟ್ಸ್ ಎಂಬ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು, ಸುಣ್ಣ ಬಿದ್ದು ಎರಡು ಕಣ್ಣೂ ಸುಟ್ಟಿದ್ದ ಕೂಲಿಯೊಬ್ಬನಿಗೆ ಹನ್ನೊಂದು ವರ್ಷದ ಹುಡುಗನೊಬ್ಬನ ಕಾರ್ನಿಯಾವನ್ನು ಕೂಡಿಸಿದರು. ಆ ಹುಡುಗನ ಕಣ್ಣಿಗೆ ಲೋಹದ ಚೂರು ಹೊಕ್ಕು, ಕಣ್ಣನ್ನೇ ತೆಗೆಯಬೇಕಾಗಿ ಬಂದಿತ್ತು. ಕೂಲಿಗೆ ಒಂದು ಕಣ್ಣು ಮರಳಿ ಬಂತು. ಸತ್ತವರ ಕಣ್ಣಿನಿಂದಲೂ ಇದು ಸಾಧ್ಯವೆಂದು 1930ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್ ತೋರಿಸಿಕೊಟ್ಟರು. ನಮ್ಮ ದೇಶದ ಮೊದಲ ನೇತ್ರಭಂಡಾರ 1945ರಲ್ಲಿ ಮದರಾಸಿನಲ್ಲಿ ತೆರೆಯಿತು. ಹೀಗೆ ಸತ್ತವರ ಕಣ್ಣು ಬದುಕಿರುವವರಿಗೆ ಒದಗುವುದೆಂದಾದ ದಿನದಿಂದ ವೈದ್ಯನ ಪಾಲಿಗೆ ಒಂದು ಹೊಸ ಕೆಲಸ ಬಂದಿತು. ಅದು ಕತ್ತರಿಯ ಕೆಲಸವಲ್ಲ, ಕೇಳುವ ಕೆಲಸ.

ಕನ್ನಡಿಗರಿಗೆ ಕಣ್ಣಿನ ದಾನವೆಂದೊಡನೆ ನೆನಪಾಗುವುದು ಗಾಜನೂರಿನ ಮನೆತನ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ನಮ್ಮಂತೆಯೇ ಗಡಿಯಾಚೆಗೆ ಸೇರಿದ ಕನ್ನಡದ ಊರು; ಈರೋಡು ಜಿಲ್ಲೆಯ ತಾಳವಾಡಿ ಸೀಮೆಯದು. ಅವರು ನಾಯಕರಾಗಿ ನಟಿಸಿದ ಮೊದಲ ಚಿತ್ರ 1954ರ 'ಬೇಡರ ಕಣ್ಣಪ್ಪ', ದೇವರಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಭಂಡಾರ ಆರಂಭವಾದಾಗ ಅವರು ತಮ್ಮ ಕಣ್ಣುಗಳನ್ನು ಕೊಡುವುದಾಗಿ ಹೇಳಿದರು. 2006ರ ಏಪ್ರಿಲ್ 12ರಂದು ಆ ಮಾತು ನಡೆಯಿತು. 2017ರಲ್ಲಿ ಪಾರ್ವತಮ್ಮನವರ, 2021ರ ಅಕ್ಟೋಬರ್ 29ರಂದು ಪುನೀತರ ಕಣ್ಣುಗಳೂ ಹಾಗೆಯೇ ಸಂದುವು. ಪುನೀತರ ಒಂದೊಂದು ಕಾರ್ನಿಯಾವನ್ನೂ ಮುಂಪದರ ಹಿಂಪದರಗಳಾಗಿ ಸೀಳಿ ಡಾ. ಭುಜಂಗ ಶೆಟ್ಟಿ ಮತ್ತು ಅವರ ಸಂಗಡಿಗರು ನಾಲ್ವರಿಗೆ ದೃಷ್ಟಿ ಬರುವಂತೆ ಮಾಡಿದರು.

ಕಣ್ಣಪ್ಪನ ಕಥೆಯಲ್ಲಿ ನಮಗೆ ಯಾವಾಗಲೂ ಹಿಡಿಸುವ ಒಂದು ಅಂಶವಿದೆ. ಅವನನ್ನು ಯಾರೂ ಕೇಳಲಿಲ್ಲ. ಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಅವನು ತಾನೇ ಕಂಡ, ಕಂಡದ್ದೇ ಸಾಕಾಯಿತು. ಕಾಣುವುದಕ್ಕೂ ಕೊಡುವುದಕ್ಕೂ ನಡುವೆ ಅಲ್ಲಿ ಬಿಡುವೇ ಇಲ್ಲ. ನಾವು ಕಣ್ಣಪ್ಪರಲ್ಲ. ನಮಗೆ ಬೇಕಾದವರ ಶವದ ಮುಂದೆ ನಿಂತಾಗ, ಎಲ್ಲಿಯೋ ಇರುವ ಅಪರಿಚಿತ ಕುರುಡನ ಮುಖ ನಮಗೆ ಕಾಣುವುದು ಸಾಧ್ಯವಿಲ್ಲ. ಅದನ್ನು ಕಾಣಿಸುವವನೊಬ್ಬ ಬೇಕು. ನಮ್ಮ ದೇಶದಲ್ಲಿ ಐವತ್ತು ವರ್ಷದೊಳಗಿನವರ ಕುರುಡಿಗೆ ಮುಖ್ಯ ಕಾರಣ ಕಾರ್ನಿಯಾದ ಕಲೆಯೇ ಎಂದು ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿದೆ. ಸತ್ತವರು ಮೊದಲೇ ಸಹಿ ಹಾಕಿದ್ದರೂ ನೇತ್ರಭಂಡಾರದವರು ಮನೆಯವರ ಒಪ್ಪಿಗೆಯಿಲ್ಲದೆ ಕಣ್ಣು ಮುಟ್ಟುವುದಿಲ್ಲ. ಆದುದರಿಂದ ಕೇಳುವುದು ನ್ಯಾಯವೆ ಎಂಬ ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರ ಹೌದು ಎಂಬುದೇ. ಕೇಳದೆ ಬಿಡುವುದು ದುಃಖಿತರಿಗೆ ತೋರುವ ಗೌರವವೆಂದು ಕೆಲವರು ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅತ್ತೆಯ ಮಾತು ತಿಳಿದ ದಿನ ನಮ್ಮನ್ನು ಸುಟ್ಟದ್ದು ಕೇಳಿದರಲ್ಲಾ ಎಂಬ ನೋವಲ್ಲ, ಕೊಡಲಿಲ್ಲವಲ್ಲಾ ಎಂಬ ನೋವು.

ಕೇಳುವವನಲ್ಲಿ ಏನಿರಬೇಕು ಎಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ದಯೆ ಇರಬೇಕೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮರುಗುವುದು ಬೇರೆ, ಎದುರಿನವರ ನೆಲೆಯಲ್ಲಿ ನಿಂತು ಅವರ ನೋವನ್ನು ಅರಿತು, ಅರಿತೆನೆಂಬುದನ್ನು ಅವರಿಗೆ ತಿಳಿಯಪಡಿಸುವುದು ಬೇರೆ. ಈ ಎರಡನೆಯದನ್ನೇ ಇಂದಿನ ವಿದ್ವಾಂಸರು ಪರಾನುಭೂತಿ ಎನ್ನುತ್ತಾರೆ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಂಗಡಿಗರು ಇದನ್ನು ಅಳೆಯಲು 20 ಪ್ರಶ್ನೆಗಳ ಒಂದು ಮಾನದಂಡವನ್ನು ಸಿದ್ಧಪಡಿಸಿದರು. 2002 ಮತ್ತು 2004ರಲ್ಲಿ ಸೇರಿದ 456 ವಿದ್ಯಾರ್ಥಿಗಳನ್ನು ವರ್ಷ ವರ್ಷವೂ ಅದರಿಂದ ಅಳೆದು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೆರಡು ವರ್ಷ ಪರಾನುಭೂತಿ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಮೂರನೆಯ ವರ್ಷದಲ್ಲಿ ಕುಸಿಯಿತು. ಮೂರನೆಯ ವರ್ಷವೆಂದರೆ ವಿದ್ಯಾರ್ಥಿ ಪುಸ್ತಕ ಬಿಟ್ಟು ರೋಗಿಯ ಹಾಸಿಗೆಯ ಬಳಿಗೆ ಬರುವ ವರ್ಷ! ದಯೆ ಬೇಕಾದ ಹೊತ್ತಿಗೇ ದಯೆ ಸೊರಗುತ್ತದೆ. ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಜರ್ಮನಿಯ ಮೆಲಾನಿ ನಾಯ್ಮನ್ ಮತ್ತು ಸಂಗಡಿಗರು 2011ರಲ್ಲಿ, ಈ ಕುಸಿತಕ್ಕೆ ಮುಖ್ಯ ಕಾರಣ ವಿದ್ಯಾರ್ಥಿಗಳ ಮೇಲಿನ ಒತ್ತಡ ಮತ್ತು ಬಳಲಿಕೆ ಎಂದರು.

ಇದನ್ನು ಒಪ್ಪದವರೂ ಇದ್ದಾರೆ. ಕುಸಿತ ಅಷ್ಟೇನೂ ದೊಡ್ಡದಲ್ಲ, ಅದನ್ನು ಹಿಗ್ಗಿಸಿ ಹೇಳಲಾಗಿದೆ ಎಂದು ಕಾಲಿವರ್ ಮತ್ತು ಜೊತೆಯವರು 2010ರಲ್ಲಿ ವಾದಿಸಿದರು. ತಾನು ಎಷ್ಟು ದಯಾಳು ಎಂದು ತಾನೇ ಗುರುತು ಹಾಕುವ ಹಾಳೆಯಿಂದ ದಯೆಯನ್ನು ಅಳೆಯುವುದರಲ್ಲಿ ಒಂದು ಹಾಸ್ಯವಿದೆಯೆಂಬುದು ನಮಗೂ ತೋರುತ್ತದೆ. ಅತ್ತೆಯ ಮಗನನ್ನು ಕೇಳಿ ಆ ಹುಡುಗನಿಗೆ ಅಂಕ ಕೊಡಿಸಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಹಾಳೆಯ ಗೊಡವೆಯಿಲ್ಲದೆ ನಡೆಸಿದ ಒಂದು ಹಳೆಯ ಪ್ರಯೋಗ ನಮ್ಮನ್ನು ಇದಕ್ಕಿಂತ ಹೆಚ್ಚು ಕಾಡಿದೆ. 1973ರಲ್ಲಿ ಪ್ರಕಟವಾದ ಅದನ್ನು ನಡೆಸಿದವರು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು. ಪ್ರಿನ್ಸ್‌ಟನ್ನಿನ ಧರ್ಮಪಾಠಶಾಲೆಯ 40 ವಿದ್ಯಾರ್ಥಿಗಳನ್ನು, ಇನ್ನೊಂದು ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಿರೆಂದು ಒಬ್ಬೊಬ್ಬರಾಗಿ ಕಳುಹಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ ನರಳುತ್ತ ಕುಸಿದು ಕುಳಿತಿದ್ದ. ಸಾಕಷ್ಟು ಸಮಯವಿದೆ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಅವನಿಗೆ ನೆರವಾದರು; ಆಗಲೇ ತಡವಾಗಿದೆ, ಓಡು ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ. ಅವರಲ್ಲಿ ಅರ್ಧದಷ್ಟು ಮಂದಿ ಕೊಡಹೊರಟಿದ್ದ ಉಪನ್ಯಾಸದ ವಿಷಯವಾದರೂ ಏನು? ದಾರಿಯಲ್ಲಿ ಬಿದ್ದ ಗಾಯಾಳುವನ್ನು ಎತ್ತಿ ಆದರಿಸಿದ ಸಮಾರ್ಯದವನ ಬೈಬಲ್ ಕಥೆ. ಆ ಕಥೆಯನ್ನು ಮನಸ್ಸಿನಲ್ಲಿ ಹೊತ್ತೇ ಕೆಲವರು ನರಳುವವನನ್ನು ದಾಟಿಹೋದರು. ಇವರು ಕೆಟ್ಟವರಾಗಿರಲಿಲ್ಲ. ಅವರಿಗೆ ಹೊತ್ತಿರಲಿಲ್ಲ, ಅಷ್ಟೆ.

ಮೊಗಸಾಲೆಯ ಆ ಹುಡುಗನ ಬಗ್ಗೆ ಆ ರಾತ್ರಿಯೇ ಒಬ್ಬ ದಾದಿ ನಮಗೆ ಹೇಳಿದ್ದರು, ಅವನು ಹಿಂದಿನ ದಿನ ಬೆಳಗಿನಿಂದ ಮನೆಗೆ ಹೋಗಿಲ್ಲವೆಂದು. ಆಗ ನಮಗೆ ಅದು ನೆಪವೆನಿಸಿತು. ನಮ್ಮ ದೇಶದ ನಿವಾಸಿ ವೈದ್ಯರು ಒಂದೇ ಸಮನೆ 12 ಗಂಟೆಗೂ ವಾರಕ್ಕೆ 48 ಗಂಟೆಗೂ ಮೀರಿ ದುಡಿಯಬಾರದೆಂದು 1992ರಲ್ಲಿಯೇ ಕೇಂದ್ರ ಸರ್ಕಾರದ ಆದೇಶವಾಗಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವೈದ್ಯ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯವನ್ನು ಕುರಿತು ವರದಿ ಕೊಟ್ಟು, ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳಲ್ಲಿ ನಮ್ಮ ಆಸೆಯೇ 48ರಿಂದ 74ಕ್ಕೆ ಏರಿತು! ಅದೇ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 27.8 ಮಂದಿಯೂ, 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನೂರಕ್ಕೆ 15.3 ಮಂದಿಯೂ ತಮಗೆ ಮಾನಸಿಕ ಅಸ್ವಾಸ್ಥ್ಯವಿರುವುದಾಗಿ ಹೇಳಿಕೊಂಡಿದ್ದಾರೆ. ಹೇಳಿಕೊಳ್ಳದವರ ಲೆಕ್ಕ ಬೇರೆ.

ಹಾಗಾದರೆ ಅವನ ತಪ್ಪು ತಪ್ಪಲ್ಲವೆ? ತಪ್ಪೇ. ಒಂದು ನಿಮಿಷ ಕುಳಿತು, ಸತ್ತವರ ಹೆಸರೇನೆಂದು ಕೇಳಿದ್ದರೂ ನಮ್ಮ ಉತ್ತರ ಬೇರೆಯಾಗುತ್ತಿತ್ತೇನೋ. ಬಳಲಿದವರೆಲ್ಲ ಒರಟರಾಗುವುದಿಲ್ಲ, ಅದೇ ಆಸ್ಪತ್ರೆಯ ಆ ದಾದಿಯೂ ಬಳಲಿದ್ದವರೇ, ಆದರೂ ಅವರು ಅತ್ತೆಯ ಕೆದರಿದ ತಲೆಗೂದಲನ್ನು ಸರಿಪಡಿಸಿ ಹೋದರು. ಕಾರಣ ತಿಳಿದ ಮಾತ್ರಕ್ಕೆ ಹೊಣೆ ಇಲ್ಲವಾಗದು. ಆದರೆ ಹೊಣೆ ಹಂಚಿಕೆಯಾಗುತ್ತದೆ. ಗಾಡಿಗೆ ಮಿತಿಮೀರಿ ಹೇರಿದವನು, ಎತ್ತು ಮುಗ್ಗರಿಸಿದಾಗ ಎತ್ತನ್ನು ಮಾತ್ರ ಬೈದರೆ ಅದು ನ್ಯಾಯವಲ್ಲ.

ತಮಿಳು ನೆಲದಲ್ಲಿ ಬಾಳುವ ನಮಗೆ ತಿರುಕ್ಕುರಳಿನ 58ನೆಯ ಅಧಿಕಾರದ ಪರಿಚಯವಿದೆ. ಅದರ ಹೆಸರು ಕಣ್ಣೋಟ್ಟಂ. ಕಣ್ಣು ಎದುರಿನವರತ್ತ ಹರಿಯುವುದು, ನೋಟದಲ್ಲಿ ದಾಕ್ಷಿಣ್ಯವಿರುವುದು. ಇದನ್ನು ವಳ್ಳುವರ್ ಗೃಹಸ್ಥನ ಗುಣಗಳಲ್ಲಿಯಾಗಲಿ ಸಂನ್ಯಾಸಿಯ ಗುಣಗಳಲ್ಲಿಯಾಗಲಿ ಸೇರಿಸಲಿಲ್ಲ. ಅರಸನ ಧರ್ಮವನ್ನು ಹೇಳುವ ಭಾಗದಲ್ಲಿ ಇರಿಸಿದರು. ಶಾಲೆಯಲ್ಲಿ ಓದುವಾಗ ನಮಗೆ ಇದರ ಮರ್ಮ ತಿಳಿದಿರಲಿಲ್ಲ. ಕಣ್ಣಿನ ಕರುಣೆ ಒಬ್ಬೊಬ್ಬರ ಹುಟ್ಟುಗುಣವೆಂದು ಬಿಟ್ಟುಬಿಡುವ ವಸ್ತುವಲ್ಲ, ಆಳುವವರು ನೋಡಿಕೊಳ್ಳಬೇಕಾದ ವಸ್ತು ಎಂದು ಈಗ ನಾವು ಅದನ್ನು ಅರ್ಥಮಾಡಿಕೊಳ್ಳುತ್ತೇವೆ. ಪಂಡಿತರು ಒಪ್ಪುವರೋ ಇಲ್ಲವೋ. ಎಳೆಯ ವೈದ್ಯನಿಗೆ ನಿದ್ದೆ ಕೊಡುವುದೂ, ಕಣ್ಣು ಕೇಳುವುದಕ್ಕೆಂದೇ ತರಬೇತಿ ಹೊಂದಿದ ಬೇರೊಬ್ಬರನ್ನು ಆಸ್ಪತ್ರೆಯಲ್ಲಿ ಇರಿಸುವುದೂ ಆಡಳಿತದ ಕೆಲಸ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು ಆಸ್ಪತ್ರೆಗಳಲ್ಲಿ ಇಂಥ ದುಃಖಸಂವಾದಕರನ್ನು ನೇಮಿಸಿ, ಕಣ್ಣುಗಳ ಸಂಗ್ರಹಕ್ಕೆ ಅದೇ ನೆಟ್ಟಗಿನ ದಾರಿಯೆಂದು ತೋರಿಸಿದ್ದಾರೆ. ವೈದ್ಯ ಶಿಕ್ಷಣದಲ್ಲಿ 2019ರಿಂದ ನಡತೆ, ನೀತಿ ಮತ್ತು ಸಂವಹನದ ಪಾಠವೂ ಸೇರಿದೆ. ಒಳ್ಳೆಯದೇ. ಆದರೆ ನಿದ್ದೆಗೆಟ್ಟವನಿಗೆ ದಯೆಯ ಮೇಲೆ ಉಪನ್ಯಾಸ ಕೊಟ್ಟರೆ ಪ್ರಿನ್ಸ್‌ಟನ್ನಿನ ಕಥೆಯೇ ಮರುಕಳಿಸಬಹುದು.

ಈ ಮಾತು ನಮಗೆ ದೂರದ್ದಲ್ಲ. ಉದಕಮಂಡಲದಲ್ಲಿ ಸರ್ಕಾರಿ ವೈದ್ಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾಗಿದೆ. ನಮ್ಮ ಮಕ್ಕಳು ಅಲ್ಲಿಯೂ ಮೈಸೂರು, ಕೊಯಮತ್ತೂರುಗಳಲ್ಲಿಯೂ ಓದುತ್ತಿದ್ದಾರೆ, ಓದಬೇಕೆಂದು ಇರುಳೆಲ್ಲ ದೀಪ ಉರಿಸುತ್ತಿದ್ದಾರೆ. ಹೇರುವವರಲ್ಲಿ ನಾವೂ ಸೇರಿದ್ದೇವೆ. ಪ್ರತಿವರ್ಷ ಸಮ್ಮಿಲನದಲ್ಲಿ ಪ್ರತಿಭಾ ಪುರಸ್ಕಾರವೆಂದು ಅಂಕಗಳನ್ನು ಕೂಗಿ ಹೇಳಿ ಶಾಲು ಹೊದಿಸುತ್ತೇವೆ. ಅಜ್ಜನಿಗೆ ಕಾಯಿಲೆಯಾದಾಗ ಪರೀಕ್ಷೆ ಬಿಟ್ಟು ಪಕ್ಕದಲ್ಲಿ ಕುಳಿತ ಹುಡುಗನ ಹೆಸರನ್ನು ಯಾರೂ ಕೂಗಿದ್ದಿಲ್ಲ. ಶಾಲು ಬೇಡವೆನ್ನುವಷ್ಟು ವೈರಾಗ್ಯ ನಮಗಿಲ್ಲ. ಆದರೂ ಒಮ್ಮೆ ಯೋಚಿಸಬೇಕೆನಿಸುತ್ತದೆ.

ಸಾವಿನ ಮನೆಯಲ್ಲಿ ಮಾತನಾಡುವ ವಿದ್ಯೆ ಈ ಬೆಟ್ಟಗಳಿಗೆ ಹೊಸದೂ ಅಲ್ಲ. ಬಡಗರ ಕರು ಹರಚುವ ವಿಧಿಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ, ಇಲ್ಲವೆ ಹಿರಿಯರಿಂದ ಕೇಳಿದ್ದೇವೆ. ಥರ್‌ಸ್ಟನ್ 1909ರ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಶವದ ಮುಂದೆ ಹಿರಿಯನೊಬ್ಬ ನಿಂತು, ಸತ್ತವರು ಮಾಡಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಹರಿದಾಡುವ ಜೀವಿಯನ್ನು ಕೊಂದದ್ದರಿಂದ ಹಿಡಿದು ನೆರೆಯವನ ನೆಲದ ಗಡಿ ಸರಿಸಿದ್ದರವರೆಗೆ. ನೆರೆದವರೆಲ್ಲ ಅದಕ್ಕೆ ದನಿಗೂಡಿಸುತ್ತಾರೆ. ಅಷ್ಟು ಕಠಿನವಾದ ಮಾತನ್ನು ಅಂಥ ಗಳಿಗೆಯಲ್ಲಿ ಆಡಿದರೂ ಯಾರೂ ಗದರುವುದಿಲ್ಲ. ಏಕೆಂದರೆ ಹೇಳುವವನು ತಮ್ಮವನು, ಅವನಿಗೆ ಹೋಗುವ ಅವಸರವಿಲ್ಲ, ಅಂಥದೊಂದು ಮಾತು ಬರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು. ಕಣ್ಣಿನ ಮಾತಿಗೂ ಈ ಮೂರು ಅನುಕೂಲಗಳು ಒದಗಿದರೆ, ಆರು ಗಂಟೆಯ ಅವಸರ ಅಷ್ಟೊಂದು ಕ್ರೂರವಾಗಿ ಕಾಣಲಾರದು. ಮೊದಲೇ ಗೊತ್ತಿರುವುದೆಂಬುದಂತೂ ಮನೆಯೊಳಗಿನ ಕೆಲಸ, ಯಾವ ಸರ್ಕಾರದ್ದೂ ಅಲ್ಲ. ಅಲ್ಲಿ ನಾವು ತಪ್ಪಿದೆವು. ಹುಡುಗನನ್ನು ಬೈದು ಮುಚ್ಚಿಟ್ಟದ್ದು ಅದನ್ನೇ.

ಕಳೆದ ರಜೆಯಲ್ಲಿ ನಮ್ಮ ತಂಗಿಯ ಮಗಳು ಸೋಲೂರಿಗೆ ಬಂದಿದ್ದಳು. ವೈದ್ಯ ಶಿಕ್ಷಣದ ಕಡೆಯ ವರ್ಷದವಳು. ಬಂದವಳು ಎರಡು ದಿನ ಮಲಗಿಯೇ ಇದ್ದಳು; ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ನಮ್ಮ ತಾಯಿಯವರು ಅವಳ ಕಾಲಿನ ಬಳಿ ಕಂಬಳಿ ಸರಿಪಡಿಸುತ್ತ, ಯಾರೂ ಎಬ್ಬಿಸಕೂಡದೆಂದು ಬಾಗಿಲಲ್ಲಿಯೇ ಕಾವಲು ಕುಳಿತರು. ಮೂರನೆಯ ದಿನ ಬಿಸಿಲು ಕಾಣಿಸಿಕೊಂಡಾಗ ಅಜ್ಜಿ ಮೊಮ್ಮಗಳು ಇಬ್ಬರೂ ಅಂಗಳದಲ್ಲಿ ಕುಳಿತಿದ್ದರು. ಅತ್ತೆಯ ಮಾತು ಹೇಗೋ ಬಂತು. ಮೊಮ್ಮಗಳು ಸುಮ್ಮನೆ ಕೇಳಿದಳು, ಕೊನೆಗೆ ತಾನೂ ಒಮ್ಮೆ ಹಾಗೆಯೇ ಕಾಗದ ನೋಡುತ್ತ ಕೇಳಿದ್ದುಂಟೆಂದು ಹೇಳಿದಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ತಾಯಿಯವರೇ ಪ್ರಶ್ನೆಗಳನ್ನು ಆರಂಭಿಸಿದರು. ಪೊರೆ ತೆಗೆಸಿದ ಕಣ್ಣು ಆದೀತೆ? ಆಗುತ್ತದೆ, ಅಜ್ಜಿ. ಮುಖ ಕೆಡುವುದಿಲ್ಲವೆ? ಇಲ್ಲ, ಕಾಲು ಗಂಟೆ ಇಪ್ಪತ್ತು ನಿಮಿಷದ ಕೆಲಸ, ನೋಡಿದವರಿಗೆ ತಿಳಿಯುವುದೂ ಇಲ್ಲ. ಅವರು ಬರುವವರೆಗೆ ನಾವೇನು ಮಾಡಬೇಕು? ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರಿಸಿ, ಗಾಳಿಯ ಪಂಖ ಇದ್ದರೆ ನಿಲ್ಲಿಸಬೇಕು. ಪಂಖ ಎಲ್ಲಿಂದ ಬರಬೇಕು ಈ ಚಳಿಯಲ್ಲಿ ಎಂದು ಅಜ್ಜಿ ನಕ್ಕರು. ನಕ್ಕು, ಕೆಳಗೆ ಮಸಿನಗುಡಿಯ ಕಡೆಯಿಂದ ಏರಿ ಬರುತ್ತಿದ್ದ ಮಂಜನ್ನು ನೋಡುತ್ತ, ಒಂದು ಮಾತು ಕೇಳಿದರು. ಉದಕಮಂಡಲದಿಂದ ಕೊಯಮತ್ತೂರು ಸುಮಾರು 85 ಕಿಲೋಮೀಟರ್. ಇಲ್ಲಿಂದ ಇನ್ನೂ ದೂರ. ಮಳೆಗಾಲದ ರಾತ್ರಿಯಲ್ಲಿ, ದಾರಿಯಲ್ಲಿ ಮರ ಬಿದ್ದು ದೂರವಾಣಿಯೂ ಸತ್ತಿರುವಾಗ ನಾನು ಹೋದರೆ, ಆರು ಗಂಟೆಯೊಳಗೆ ಇಲ್ಲಿಗೆ ಬರುವವರು ಯಾರು?

ಮೊಮ್ಮಗಳಿಗೆ ಉತ್ತರ ತಿಳಿದಿರಲಿಲ್ಲ. ಉದಕಮಂಡಲದಲ್ಲಿ ವಿಚಾರಿಸಿ ಹೇಳುತ್ತೇನೆಂದು ಹೋಗಿದ್ದಾಳೆ. ತಾಯಿಯವರು ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡಿಸಿ, ಸರಿಯಾಗಿ ಮಲಗಿದೆಯಾ ಎಂದು ಮೊದಲು ಕೇಳಿ, ಆಮೇಲೆ ಅದನ್ನು ಕೇಳುತ್ತಾರೆ.